ಬಸಲಿಂಗನ ಮೂರನೆಯ ಸುತ್ತು

ಪುಣೆಯ ಕ್ಯಾಂಪಿನಲ್ಲಿ ಗೋರಾ ಪಲ್ಟಣಗಳು, ಬಿಳಿಯರ ದಂಡುಗಳು, ವಿಲಾಯತಿಗೆ ಹೊರಡಲು ಪೆಟ್ಟಿಗೆ ಕಟ್ಟುತ್ತಿವೆ. ಬಾಕ್ಸಿಂಗ್ ರಿಂಗಿನ ಪಕ್ಕದ ಕುರ್ಚಿಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಖಾಲಿ ಕುರ್ಚಿ ಕಂಡರೆ ನಮ್ಮವರಿಗೆ ಕೂರುವ ಅವಸರ. ಕೂತು ಮಾಡಬೇಕಾದ್ದೇನು ಎಂಬುದು ಆಮೇಲಿನ ಮಾತು. ಹೋದ ವಾರ ಮೂವರು ತರುಣರು, ಮೂವರೂ ಪದವೀಧರರು, ಸದಾಶಿವ ಪೇಠೆಯ ನನ್ನ ಮನೆಗೆ ಬಂದು ನಿರ್ಣಾಯಕರ ಕೆಲಸ ಹೇಗಿರುತ್ತದೆ ಎಂದು ವಿಚಾರಿಸಿದರು. ಮೂವರ ಕೈಯಲ್ಲೂ ಹೊಸ ನೋಟುಪುಸ್ತಕ. ಅವರಲ್ಲೊಬ್ಬ, ಧಾರವಾಡದ ಕಡೆಯವನು, ಕೇಳಿದ:

"ಸರ್, ನಿಮ್ಮ ಕಾಲದ ಹೆವಿವೇಟ್ ಮಂದಿಗೆ ಖರೇನ ಕಲಾ ಅನ್ನೋದು ಇತ್ತೇನ್ರಿ? ಇಲ್ಲಾ ಬರೇ ಕೋಣಗಳ ಕಾಳಗ ಇತ್ತೋ?"

ಚಹಾ ಕೊಟ್ಟು ಕಳಿಸಿದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತಾರು ವರ್ಷ ಆ ಕುರ್ಚಿಯಲ್ಲಿ ಕೂತವನು ನಾನು. ನಿಂತಿರುವ ಮನುಷ್ಯ ಇನ್ನೂ ಆಡುತ್ತಿದ್ದಾನೋ, ಮುಗಿದುಹೋಗಿದ್ದಾನೋ ಎಂದು ಹೇಳುವುದೇ ಆ ಕೆಲಸ. ಮಿಕ್ಕದ್ದೆಲ್ಲ ಗುಮಾಸ್ತಿಕೆ. ಒಂದು ಸಲ ನಾನು ಅದನ್ನು ತಪ್ಪಾಗಿ ಹೇಳಿದೆ. ಬಸಲಿಂಗ ಎಂಬ ಬೆಳಗಾವಿ ಸೀಮೆಯ ಹಮಾಲ ನನ್ನ ಮಾತಿನಿಂದಾಗಿ ಒಂದು ನಿಮಿಷ ಹೆಚ್ಚು ರಿಂಗಿನಲ್ಲಿ ನಿಂತ. ಆ ಒಂದು ನಿಮಿಷ ಇವತ್ತಿಗೂ ನನಗೆ ಮುಗಿದಿಲ್ಲ. ಮುಖ ತೊಳೆಯುವಾಗ ಶುರುವಾಗುತ್ತದೆ, ಊಟದ ನಡುವೆ ಶುರುವಾಗುತ್ತದೆ. ಪ್ರತಿ ಸಲವೂ ಅದೇ ಜಾಗದಲ್ಲಿ ಅದೇ ಮಾತು ಆಡುತ್ತೇನೆ.

ಮೊದಲು ಕುರ್ಚಿಯ ವಿಷಯ. ಕಾಲೇಜಿನಲ್ಲಿ ಎರಡು ವರ್ಷ ಲೈಟ್‌ವೇಟ್ ಆಡಿ ಮೂಗು ಮುರಿದುಕೊಂಡಿದ್ದೆ. ಬಿ.ಎ. ಆದ ಮೇಲೆ ಕ್ಯಾಂಪಿನ ಬಾಕ್ಸಿಂಗ್ ಮಂಡಳಿಗೆ ಇಂಗ್ಲಿಷ್ ಬರೆಯಬಲ್ಲ, ಗುದ್ದು ತಿಂದು ಗೊತ್ತಿರುವ ಕಾರಕೂನ ಬೇಕಾಗಿದ್ದ. ಆಟಗಾರರನ್ನು ತೂಗುವುದು, ಜೋಡಿ ಕಟ್ಟುವುದು, ಪಂದ್ಯದ ದಿನ ಮೂರನೆಯ ನಿರ್ಣಾಯಕನಾಗಿ ಕೂತು ಅಂಕ ಬರೆಯುವುದು. ಸುತ್ತು ಗೆದ್ದವನಿಗೆ ಐದು, ಸೋತವನಿಗೆ ಅದಕ್ಕಿಂತ ಕಡಿಮೆ, ಅಷ್ಟೇ ಶಾಸ್ತ್ರ.

ಆಗಿನ ಪದ್ಧತಿ ಕೇಳಿದರೆ ನಿಮಗೆ ನಗು ಬರುತ್ತದೆ. ರೆಫರಿ ರಿಂಗಿನ ಒಳಗೆ ಕಾಲಿಡುತ್ತಿರಲಿಲ್ಲ. ಹಗ್ಗದ ಹೊರಗೆ ಎತ್ತರದ ಕುರ್ಚಿಯಲ್ಲಿ ಕೂತು ಅಲ್ಲಿಂದಲೇ ಹುಕುಂ ಕೊಡುತ್ತಿದ್ದ. ಸುತ್ತು ನಡೆಯುವಾಗ ಯಾರೂ ಬಾಯಿ ತೆರೆಯಕೂಡದು. ಚಪ್ಪಾಳೆ, ಶಿಳ್ಳೆ ಏನಿದ್ದರೂ ಗಂಟೆ ಹೊಡೆದ ಮೇಲೆ. ನಡುವೆ ಸದ್ದು ಮಾಡಿದವನನ್ನು ಇಬ್ಬರು ಸಿಪಾಯಿಗಳು ತೋಳು ಹಿಡಿದು ಮೈದಾನದ ಹೊರಗೆ ಬಿಟ್ಟು ಬರುತ್ತಿದ್ದರು. ಕುಸ್ತಿಯ ಅಖಾಡದಲ್ಲಿ ಗಂಟಲು ಹರಿಯುವಂತೆ ಕೂಗುವ ಪುಣೇಕರರು ಇಲ್ಲಿ ಇಗರ್ಜಿಗೆ ಬಂದವರಂತೆ ಕೂತಿರುತ್ತಿದ್ದರು. ಇದನ್ನು ಅವರು ಸಭ್ಯತೆ ಎನ್ನುತ್ತಿದ್ದರು. ಇಬ್ಬರು ಮನುಷ್ಯರು ಪರಸ್ಪರ ಮೂಳೆ ಮುರಿಯುವುದನ್ನು ಸದ್ದಿಲ್ಲದೆ ನೋಡುವುದು ಸಭ್ಯತೆ.

ರೆಫರಿಯ ಕುರ್ಚಿ ಮೇಜರ್ ಸಾಹೇಬನದು. ಅವನು ಕುದುರೆ ಪಡೆಯವನು, ಮನುಷ್ಯರನ್ನೂ ಕುದುರೆಯಂತೆಯೇ ನೋಡುತ್ತಿದ್ದ. ಎದೆ ಎಷ್ಟು ಅಗಲ, ತೊಡೆ ಎಷ್ಟು ದಪ್ಪ, ಹಲ್ಲು ಇವೆಯೋ ಇಲ್ಲವೋ. ಅವನ ಪ್ರಕಾರ ಚಿಕ್ಕ ತೂಕದವರಿಗೆ ಜಾಣತನ ಬೇಕು, ಹೆವಿವೇಟಿಗೆ ತೂಕವೇ ಸಾಕು. ನನ್ನ ಎಡಗಡೆಯ ನಿರ್ಣಾಯಕ ಸೋಡಾ ಕಾರ್ಖಾನೆಯ ಮಾಲೀಕ. ಅವನು ಕಣ್ಣು ಮುಚ್ಚಿ ಕೂತು ಕಿವಿಯಿಂದ ಅಂಕ ಕೊಡುತ್ತಿದ್ದ. ಗುದ್ದಿನ ಸದ್ದು ಜೋರಾದರೆ ಐದು. ಗುದ್ದು ಮುಖಕ್ಕೆ ಬಿತ್ತೋ, ಮೊಣಕೈಗೆ ಬಿತ್ತೋ, ಅದು ಅವನ ಕಿವಿಗೆ ಸಂಬಂಧಿಸಿದ್ದಲ್ಲ.

ಇವರಿಬ್ಬರ ಯೋಗ್ಯತೆಗೆ ಒಂದು ಉದಾಹರಣೆ ಸಾಕು. ಚಾಕಣದ ಕಡೆಯಿಂದ ಒಬ್ಬ ಕುಸ್ತಿ ಪೈಲವಾನ ಬಂದಿದ್ದ, ಮೈಯಲ್ಲಿ ಎಮ್ಮೆಯ ಬಲ. ಎದುರಾಳಿ ತೋಫಖಾನೆಯ ಗೋರಾ. ಗಂಟೆ ಹೊಡೆಯಿತು. ಪೈಲವಾನ ನೇರ ಹೋದ, ಗೋರಾನನ್ನು ಸೊಂಟಕ್ಕೆ ಅವುಚಿಕೊಂಡ, ಎತ್ತಿದ, ಹಗ್ಗದ ಆಚೆ ಕರ್ನಲ್‌ನ ಹೆಂಡತಿಯ ಕಾಲ ಬುಡದಲ್ಲಿ ತಂದಿಟ್ಟ. ಮೂರು ಸುತ್ತಿನಲ್ಲಿ ಮೂರು ಸಲ ಹೀಗೇ. ಮೇಜರ್ ಮೆಚ್ಚಿ ತಲೆದೂಗಿದ. ಸೋಡಾ ಮಾಲೀಕನಿಗೆ ಬಿದ್ದ ಸದ್ದು ಹಿಡಿಸಿತು. ನಾನು ಸೊನ್ನೆ ಬರೆದೆ. ಆದರೂ ಪೈಲವಾನ ಗೆದ್ದ ಎಂದು ಸಾರಿದರು. ಅವನು ಗ್ಲೌಸು ಬಿಚ್ಚದೆಯೇ ನನ್ನ ಹತ್ತಿರ ಬಂದ.

"ಮಾಸ್ತರ, ಮೀ ಜಿಂಕಲೋ?"

"ಹೌದಪ್ಪ, ಗೆದ್ದೆ."

"ಪಣ ಮೀ ತರ ಏಕಹೀ ಮಾರಲಾ ನಾಹೀ!"

ತಾನು ಒಂದು ಗುದ್ದನ್ನೂ ಹೊಡೆದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇಡೀ ಮಂಡಳಿಯಲ್ಲಿ ಆ ದಿನ ಬಾಕ್ಸಿಂಗ್ ಅರ್ಥವಾಗಿದ್ದವನು ಅವನೊಬ್ಬನೇ.

ಇಂಥವರ ನಡುವೆ ಕೂತು ನನಗೆ ನಾನೇ ಪಂಡಿತನಾಗಿ ಕಾಣತೊಡಗಿದ್ದರಲ್ಲಿ ಆಶ್ಚರ್ಯವಿಲ್ಲ. ನನ್ನ ಪಾಂಡಿತ್ಯಕ್ಕೆ ಗುರು ಪಾಂಡೋಬಾ. ಅವನು ಮಿರಜಿನವನು, ಕನ್ನಡ ಮರಾಠಿ ಎರಡೂ ಒಂದೇ ಉಸಿರಿನಲ್ಲಿ ಆಡುವವನು. ಬುಧವಾರ ಪೇಠೆಯ ಸಿನಿಮಾ ಮಂದಿರದಲ್ಲಿ ಯಂತ್ರದ ಹಿಡಿಕೆ ತಿರುಗಿಸುವುದು ಹೊಟ್ಟೆಪಾಡು, ರಿಂಗಿನ ಮೂಲೆಯಲ್ಲಿ ಆಟಗಾರನಿಗೆ ನೀರು ಕೊಟ್ಟು ಟವೆಲ್ ಬೀಸುವುದು ಹುಚ್ಚು. ಆ ಮಂದಿರಕ್ಕೆ ಅಮೆರಿಕದ ದೊಡ್ಡ ಹೆವಿವೇಟ್ ಪಂದ್ಯಗಳ ಹಳೆಯ ಸುರುಳಿಗಳು ಬಂದಿದ್ದವು. ಊರೆಲ್ಲ ಹೋಗಿ ನೋಡಿ ನಕ್ಕಿತು. ಜಗತ್ತಿನ ಚಾಂಪಿಯನ್ನರು ಕೋಳಿಗಳಂತೆ ಕುಪ್ಪಳಿಸುತ್ತಿದ್ದರು, ಅಪ್ಪಿಕೊಳ್ಳುತ್ತಿದ್ದರು, ಕುಡುಕರಂತೆ ಒಬ್ಬರ ಮೇಲೊಬ್ಬರು ಒರಗುತ್ತಿದ್ದರು. "ನಾನು ಹೇಳಲಿಲ್ಲವೇ? ಎತ್ತುಗಳು" ಎಂದ ಮೇಜರ್.

ನನಗೆ ಅನುಮಾನ ಬಂದದ್ದು ಹಿಡಿಕೆಯ ಮೇಲೆ. ಪಾಂಡೋಬಾ ದಿನಕ್ಕೆ ಮೂರು ಆಟ ಮುಗಿಸುವ ಅವಸರದಲ್ಲಿ ಬಾವಿಯ ರಾಟೆಯಂತೆ ತಿರುಗಿಸುತ್ತಿದ್ದ. ಒಂದು ಬೆಳಿಗ್ಗೆ ಮಂದಿರದ ಬಾಗಿಲು ಮುಚ್ಚಿಸಿ ಮೇಜರನನ್ನೂ ಕರೆದೊಯ್ದೆ. ಒಂದೊಂದು ಚಿತ್ರವನ್ನೂ ನಿಲ್ಲಿಸಿ ತೋರಿಸು ಎಂದೆ.

"ನಿಂದರ್ಸಿದ್ರ ದೀಪದ ಕಾವಿಗೆ ಫಿಲಮ್ ಸುಡತದ್ರಿ ಮಾಸ್ತರ," ಎಂದ ಪಾಂಡೋಬಾ. "ನಿಧಾನ ತಿರವತೀನಿ. ಆದ್ರ ನಿಮ್ಮ ಸಾಹೇಬ ಗೊರಕಿ ಹೊಡದ್ರ ನನಗ ಬೈಬ್ಯಾಡ್ರಿ."

ನಿಧಾನವಾಗಿ ತಿರುಗಿಸಿದಾಗ ಕೋಳಿಗಳು ಮಾಯವಾದವು. ಎದುರಾಳಿಯ ತೋಳು ಹೊರಡುವ ಮೊದಲೇ ಚಾಂಪಿಯನ್ನನ ಅಂಗೈ ಆ ತೋಳಿನ ಮೇಲೆ ಕೂತಿರುತ್ತಿತ್ತು. ಗುದ್ದು ಹುಟ್ಟುವ ಮೊದಲೇ ಸಾಯುತ್ತಿತ್ತು. ಪಾದ ನೆಲಕ್ಕೆ ಸಪಾಟಾಗಿ ಊರಿ, ಎರಡೇ ಇಂಚು ಹಿಂದೆ ಸರಿದು, ತಲೆಯನ್ನು ಒಂದು ಗೇಣು ವಾಲಿಸಿ ಇಡೀ ಗುದ್ದನ್ನು ಗಾಳಿಗೆ ಬಿಡುತ್ತಿದ್ದರು. ಅಪ್ಪಿಕೊಳ್ಳುವುದೂ ಆಯಾಸದಿಂದಲ್ಲ. ಅದು ಎದುರಾಳಿಯ ತೋಳಿಗೆ ಹಾಕಿದ ಬೀಗ. ಅವರು ಇಪ್ಪತ್ತು, ಇಪ್ಪತ್ತೈದು ಸುತ್ತು ಆಡಬೇಕಾಗಿದ್ದವರು. ಒಂದು ಹೆಜ್ಜೆಯನ್ನೂ ದಂಡ ಮಾಡುವಂತಿರಲಿಲ್ಲ. ಧಾರವಾಡದ ತರುಣನಿಗೆ ಇದೇ ನನ್ನ ಉತ್ತರ: ಹಳೆಯ ಹೆವಿವೇಟ್‌ಗಳು ಕಲೆಗಾರರು. ಅಲ್ಲ ಎನ್ನುವವರು ಅವರನ್ನು ತಪ್ಪು ವೇಗದಲ್ಲಿ ನೋಡಿದವರು.

ಮೇಜರ್ ಗೊರಕೆ ಹೊಡೆಯಲಿಲ್ಲ. ಹೊರಗೆ ಬಂದು ನನ್ನ ಭುಜ ತಟ್ಟಿ, "ಕುರ್ಚಿ ನನ್ನದು, ಕಣ್ಣು ನಿನ್ನದು" ಎಂದು ನಕ್ಕ. ನಗುತ್ತ ಹೇಳಿದರೂ ಆ ಮೇಲೆ ಯಾವ ಕಠಿಣ ತೀರ್ಪಿಗೂ ಮೊದಲು ನನ್ನ ಕಡೆ ನೋಡುವುದು ಅವನ ರೂಢಿಯಾಯಿತು.

ಈಗ ಒಂದು ಸಣ್ಣ ಸಂಗತಿ ಹೇಳಬೇಕು, ಅದರ ಮೇಲೆಯೇ ಮುಂದಿನದೆಲ್ಲ ನಿಂತಿದೆ. ಆ ಸುರುಳಿಗಳು ಬಯಲಿನಲ್ಲಿ ಸುಡುಬಿಸಿಲಲ್ಲಿ ತೆಗೆದವು. ಮೈ, ಕೈ, ಕಾಲು ಸ್ಪಷ್ಟ. ಮುಖ ಮಾತ್ರ ಬಿಳಿ ಕಲೆ. ಕಣ್ಣಿಲ್ಲ, ಬಾಯಿಲ್ಲ. ಹಾಗಾಗಿ ನಾನು ಕಲಿತದ್ದು ಕಾಲು ಮತ್ತು ಭುಜ ಓದುವುದನ್ನು. ಸಾಲದೆಂದು ಅದನ್ನು ತತ್ತ್ವ ಮಾಡಿದೆ. ನಿರ್ಣಾಯಕರಿಗೆ ಒಂದು ಪುಟದ ಸೂಚನೆ ಬರೆದೆ. ಮೇಜರ್ ಅದನ್ನು ಅಚ್ಚು ಹಾಕಿಸಿ ತೂಕದ ಕೋಣೆಯ ಗೋಡೆಗೆ ಅಂಟಿಸಿದ. ಮೊದಲ ಸಾಲು: ನಿರ್ಣಾಯಕನು ಆಟಗಾರನ ಮುಖ ನೋಡಕೂಡದು. ಮೂಗಿನ ರಕ್ತ ಕರುಣೆ ಹುಟ್ಟಿಸುತ್ತದೆ, ನಗುಮುಖ ಮೋಸ ಮಾಡುತ್ತದೆ, ಕಾಲು ಮಾತ್ರ ಸುಳ್ಳು ಹೇಳುವುದಿಲ್ಲ. ಓದಿದವರೆಲ್ಲ ಆಹಾ ಎಂದರು. ನಾನೂ ತೂಕದ ಕೋಣೆಗೆ ಹೋದಾಗಲೆಲ್ಲ ಒಮ್ಮೆ ಓದಿಕೊಳ್ಳುತ್ತಿದ್ದೆ.

ಬಸಲಿಂಗನನ್ನು ರಿಂಗಿಗೆ ತಂದವನು ಪಾಂಡೋಬಾ. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದವನು. ಮೊದಲು ಊರ ಗರಡಿಯಲ್ಲಿ ಕುಸ್ತಿ. ಪಾದ ಹುಟ್ಟಾ ಸಪಾಟು. ಪಾಂಡೋಬಾ ಅವನಿಗೆ ಸುರುಳಿಗಳಲ್ಲಿ ಕಂಡದ್ದನ್ನೇ ಕಲಿಸಿದ: ಕುಣಿಯಬೇಡ, ಎರಡು ಇಂಚು ಸರಿ, ತಲೆ ವಾಲಿಸು. ಬೆಳಿಗ್ಗೆ ಓಡಿಸುತ್ತಿದ್ದ.

"ಎಲ್ಲಿತನಕಾ ಓಡಿದ್ಯೋ ಬಸಲಿಂಗಾ?" ಎಂದು ಒಂದು ದಿನ ಕೇಳಿದೆ.

"ಕಾತ್ರಜಕ್ಕ ಹೋಗಿ ಬಂದ್ನಿರಿ. ಸಾತಾರಾ ಮೋಟಾರು ನನ್ನ ಹಿಂದ ಉಳೀತ್ರಿ ಮಾಸ್ತರ!"

"ಮೋಟಾರು ಪಂಚರ್ ಆಗಿ ನಿಂತಿತ್ತಲೇ ಮಗನ," ಎಂದ ಪಾಂಡೋಬಾ. "ಡ್ರೈವ್ಹರ ಬೀಡಿ ಸೇದಕೋತ ಕುಂತಿದ್ದಾ. ಅದನ್ನೂ ಹೇಳು."

ಮೊದಲ ವರ್ಷ ಒಂದು ಪಂದ್ಯದಲ್ಲಿ ಬಸಲಿಂಗನಿಗೆ ಏಟು ಹೆಚ್ಚಾದಾಗ ಪಾಂಡೋಬಾ ರಿಂಗಿಗೆ ಟವೆಲ್ ಎಸೆದು, ಸೋಲೊಪ್ಪಿ, ಆಟ ನಿಲ್ಲಿಸಿದ್ದ. ಗೂಡ್ಸ್ ಶೆಡ್ಡಿನವರು ಮೂರು ತಿಂಗಳು ಬಸಲಿಂಗನನ್ನು ಟವೆಲ್ ಪೈಲವಾನ ಎಂದು ಕರೆದರು. ಆಮೇಲೆ ಅವನು ಪಾಂಡೋಬಾನಿಂದ ಆಣೆ ಮಾಡಿಸಿಕೊಂಡ: "ಇನ್ನೊಮ್ಮಿ ಟವೆಲ್ ಒಗದ್ರ ನಿನ್ನ ಮಾರಿ ನೋಡಂಗಿಲ್ಲ."

ಗೋರಾ ಪಲ್ಟಣದ ಕಾರ್ಪೊರಲ್ ಡಾಬ್ಸ್ ಎಂಬವನ ಜೊತೆ ಅವನ ಪಂದ್ಯ ಗೊತ್ತಾಯಿತು. ಗೆದ್ದವನು ಕ್ಯಾಂಪಿನ ಹೆವಿವೇಟ್ ಚಾಂಪಿಯನ್. ತೂಕದ ದಿನ ಬಸಲಿಂಗನ ಹೆಂಡತಿ ಗಂಗವ್ವ ಜೊತೆಗೆ ಬಂದಿದ್ದಳು. ಗೋಡೆಯ ಮೇಲಿನ ಇಂಗ್ಲಿಷ್ ಪುಟ ನೋಡಿ ಏನಿದು ಎಂದಳು. ಗಂಡ ಹೆಮ್ಮೆಯಿಂದ, "ಮಾಸ್ತರ ಬರದಾರ. ಇವ್ರ ಕಣ್ಣ ತಪ್ಪಿಸಿ ಏನೂ ಆಗಂಗಿಲ್ಲ" ಎಂದ.

ಅವಳು ನನ್ನ ಕಡೆ ತಿರುಗಿದಳು. "ಹಂಗಾದ್ರ ನೀವು ನೋಡತಿರತೀರಿ, ಹೌದಿಲ್ರಿ?"

"ನೋಡೂದ ನನ್ನ ಕೆಲಸ ಅದವಾ," ಎಂದೆ.

ಪಂದ್ಯ ಸಂಜೆ ನಾಲ್ಕಕ್ಕೆ, ಬಿಸಿಲು ಇನ್ನೂ ಮೈದಾನದ ಮೇಲಿತ್ತು. ಮೊದಲ ಸುತ್ತು ಪೂರ್ತಿ ಬಸಲಿಂಗನದು. ಡಾಬ್ಸ್ ಎಂಟು ಗುದ್ದು ಎಸೆದರೆ ಆರು ಗಾಳಿಗೆ. ಎರಡನೆಯ ಸುತ್ತಿನ ಕೊನೆಗೆ, ಗಂಟೆಗೆ ಕೈ ಹೋಗುವ ಹೊತ್ತಿನಲ್ಲಿ, ನಾನು ಅಂಕ ಬರೆಯಲು ತಲೆ ತಗ್ಗಿಸಿದ್ದೆ. ಆಗ ಒಂದು ಸದ್ದು ಕೇಳಿಸಿತು, ಒಣ ತೆಂಗಿನಕಾಯಿ ಕಲ್ಲಿಗೆ ಬಿದ್ದಂಥ ಸದ್ದು. ಕಿವಿಯ ಹಿಂಭಾಗಕ್ಕೆ ಬಿದ್ದದ್ದು ಎಂದು ಆಮೇಲೆ ಗೊತ್ತಾಯಿತು. ಪಕ್ಕದ ಸೋಡಾ ಮಾಲೀಕ ಕಣ್ಣು ಬಿಟ್ಟ. ಅವನ ಕಿವಿಯನ್ನು ಹತ್ತು ವರ್ಷದಿಂದ ಹಂಗಿಸುತ್ತಿದ್ದವನು ನಾನು. ಸದ್ದಿಗೆ ಬೆಲೆ ಕೊಡುವುದು ನನ್ನ ಶಾಸ್ತ್ರದಲ್ಲಿರಲಿಲ್ಲ. ಬರೆದದ್ದನ್ನು ಒರೆಸಲಿಲ್ಲ.

ಮೂರನೆಯ ಸುತ್ತು. ಬಸಲಿಂಗ ನಡುವಿಗೆ ಬಂದು ನಿಂತ. ಪಾದ ಸಪಾಟು. ಡಾಬ್ಸ್ ಬಲಗೈ ಬೀಸಿದ; ಬಸಲಿಂಗ ಎಡಕ್ಕೆ ವಾಲಿದ; ಗುದ್ದು ಭುಜದ ಮೇಲಿಂದ ಹೋಯಿತು. ಎಡಗೈ ಬೀಸಿದ, ಇವನು ಹಿಂದಕ್ಕೆ ವಾಲಿದ, ಗಾಳಿಗೆ ಹೋಯಿತು. ಮತ್ತೆ ಎಡಕ್ಕೆ. ಬಸಲಿಂಗ ಕೈ ಕೆಳಗೆ ಬಿಟ್ಟಿದ್ದ, ಹಳೆಯ ಚಾಂಪಿಯನ್ನರು ಧಿಮಾಕಿನಿಂದ ಬಿಡುತ್ತಿದ್ದರಲ್ಲ, ಹಾಗೆ. ನನ್ನ ಮೈ ಜುಮ್ಮೆಂದಿತು. ಸುರುಳಿಯಲ್ಲಿ ಕಂಡದ್ದು ಪುಣೆಯ ಬಿಸಿಲಲ್ಲಿ ಕಣ್ಣೆದುರಿಗೇ ನಡೆಯುತ್ತಿತ್ತು. ಸುತ್ತು ಮುಗಿಯುವ ಮೊದಲೇ ಐದು ಎಂದು ಬರೆದೆ. ಹಾಗೆ ಬರೆದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಆ ಇಗರ್ಜಿ ಮೌನದಲ್ಲಿ ಪಾಂಡೋಬಾ ಕೂಗಿದ.

"ಸಾಹೇಬ, ಥಾಂಬವಾ! ಗಡೀ ಸಂಪಲಾ! ನಿಲ್ಲಸ್ರಿ, ಮಾಸ್ತರ, ಅಂವಾ ಮುಗದಾನ!"

ಟವೆಲ್ ಅವನ ಹೆಗಲ ಮೇಲೇ ಇತ್ತು. ಎಸೆಯಲು ಆಣೆ ಅಡ್ಡ, ಅದಕ್ಕೇ ಬಾಯಿಯಿಂದ ಕೇಳಿದ. ನಿಯಮ ಮುರಿದವನನ್ನು ಏನು ಮಾಡಬೇಕೋ ಅದನ್ನೇ ಸಿಪಾಯಿಗಳು ಮಾಡಿದರು. ಅವನನ್ನು ಹಿಂದುಹಿಂದಕ್ಕೆ ಎಳೆದುಕೊಂಡು ಹೋದರು, ಟವೆಲ್ ಸಮೇತ. ಬಸಲಿಂಗನ ಮೂಲೆಯಲ್ಲಿ ಈಗ ಒಂದು ಬಕೀಟು, ಒಂದು ಸ್ಟೂಲು.

ಮೇಜರ್ ಆಟ ನಿಲ್ಲಿಸಲು ಕೈಯನ್ನು ಅರ್ಧ ಎತ್ತಿದ್ದ. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ: "ಇವನು ಮುಗಿದನೇ?"

"ಇಲ್ಲ ಸರ್," ಎಂದೆ. "ತಪ್ಪಿಸಿಕೊಳ್ಳುತ್ತಿದ್ದಾನೆ. ಇಂಥ ಬಚಾವು ಈ ರಿಂಗಿನಲ್ಲಿ ನಾನು ನೋಡಿಲ್ಲ."

ಕೈ ಕೆಳಗಿಳಿಯಿತು.

ಆ ನಿಮಿಷದಲ್ಲಿ ನಡೆದ ಇನ್ನೊಂದನ್ನು ಹೇಳದಿದ್ದರೆ ಇದನ್ನು ಬರೆಯುವುದೇ ವ್ಯರ್ಥ. ಡಾಬ್ಸ್ ಗುದ್ದುವುದನ್ನು ನಿಲ್ಲಿಸಿದ. ಕೈ ಇಳಿಸಿ, ಬಸಲಿಂಗನನ್ನು ನೋಡಿ, ಮೇಜರನ ಕಡೆ ತಿರುಗಿ ಸುಮ್ಮನೆ ನಿಂತ. ಓದುಬರಹ ಅಷ್ಟಕ್ಕಷ್ಟೇ ಇದ್ದ ಕಾರ್ಪೊರಲ್, ನನ್ನ ಒಂದು ಪುಟ ಓದದವನು. ಅವನಿಗೆ ಎದುರಿಗಿದ್ದ ಮುಖ ಕಾಣುತ್ತಿತ್ತು. ಮೇಜರ್ ನನ್ನ ಕಡೆ ನೋಡಿದ. ಮುಗಿದಿಲ್ಲ ಎಂದು ನಾನು ತಲೆಯಾಡಿಸಿದೆ. "ಮುಂದುವರಿಸು" ಎಂದು ಹುಕುಂ ಹೋಯಿತು. ಡಾಬ್ಸ್ ಒಲ್ಲದ ಮನಸ್ಸಿನಿಂದ ಒಂದು ಗುದ್ದು ಕೊಟ್ಟ. ದೊಡ್ಡ ಗುದ್ದೇನಲ್ಲ, ಸದ್ದೂ ಆಗಲಿಲ್ಲ. ಬಸಲಿಂಗ ಎಡಕ್ಕೆ ವಾಲಿದ, ಮತ್ತೂ ವಾಲಿದ, ಹಾಗೆಯೇ ನೆಲಕ್ಕೆ ಹೋದ.

ಹಗ್ಗದ ಕೆಳಗೆ ನುಸುಳಿ ಹೋಗಿ ಮೊದಲ ಬಾರಿಗೆ ಅವನ ಮುಖ ನೋಡಿದೆ. ಒಂದು ಕಣ್ಣಿನ ಪಾಪೆ ಸಾಸಿವೆಯಷ್ಟು, ಇನ್ನೊಂದರದು ಕಣ್ಣು ತುಂಬ.

ತಲೆಯೊಳಗೆ ರಕ್ತ ಸೋರಿ ಹನ್ನೊಂದು ದಿನ ಅವನು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಹೊರಗಿನ ಬೆಂಚಿನ ಮೇಲೆ ಪಾಂಡೋಬಾ ನನ್ನ ಪಕ್ಕದಲ್ಲೇ ಕೂರುತ್ತಿದ್ದ. ನಾಲ್ಕನೆಯ ದಿನ ಮಾತಾಡಿದ.

"ಎರಡನೇ ಸುತ್ತ ಮುಗದ ಮ್ಯಾಲ ನೀರ ಕೊಟ್ನಿ. ಬಟ್ಟಲಾ ಕಿವೀಗೆ ಹಚಗೊಂಡಾ. ಸ್ಟೂಲ ಮ್ಯಾಲ ಕುಂತಗೊಂಡ ಸ್ಟೂಲ ಎಲ್ಲೈತಿ ಅಂತ ಕೇಳಿದಾ. ನಿಮ್ಮ ಕಡೆ ನೋಡಿದ್ನಿ ನಾ. ನೀವು ಬರೀಲಿಕ್ಕೆ ಹತ್ತಿದ್ರಿ."

ಅವನು ತನ್ನ ಅಂಗೈ ನೋಡಿಕೊಂಡ.

"ನಾನರ ಯಾಕ ಒಗೀಲಿಲ್ಲ ಟವೆಲ್? ಸುಡ್ಲಿ ಆಣಿ," ಎಂದ. ಅವನು ತನ್ನನ್ನು ಬೈದುಕೊಳ್ಳುತ್ತಿದ್ದ, ನನ್ನನ್ನಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

ಮಂಡಳಿ ವಿಚಾರಣೆ ನಡೆಸಿತು. ಅದರಂಥ ಪ್ರಹಸನ ಯಾವ ರಂಗಮಂದಿರದಲ್ಲೂ ಆಗಿಲ್ಲ. ಆಟಗಾರನ ತಲೆಬುರುಡೆ ತೆಳುವಾಗಿದ್ದಿರಬೇಕು ಎಂದು ಒಬ್ಬ. ಬಿಸಿಲು ಎಂದು ಇನ್ನೊಬ್ಬ. ಹಮಾಲರು ಹೊಟ್ಟೆತುಂಬ ತಿನ್ನುವುದಿಲ್ಲ ಎಂದು ಮತ್ತೊಬ್ಬ. ಸೋಡಾ ಮಾಲೀಕ ಮಾತ್ರ, "ನನಗೆ ಆ ಸದ್ದು ಸರಿಬರಲಿಲ್ಲ" ಎಂದ. ಎಲ್ಲರೂ ನಕ್ಕರು. ಕೊನೆಗೆ ಎಲ್ಲರನ್ನೂ ಬಚಾವು ಮಾಡಿದ್ದು ನನ್ನ ಅಂಕಪಟ್ಟಿ. ಮಂಡಳಿಯ ಅತ್ಯಂತ ನುರಿತ ನಿರ್ಣಾಯಕ ಮೂರನೆಯ ಸುತ್ತನ್ನು ಬಸಲಿಂಗನಿಗೇ ಕೊಟ್ಟಿದ್ದಾನೆ. ಗೆಲ್ಲುತ್ತಿರುವವನ ಆಟವನ್ನು ಯಾವ ರೆಫರಿ ನಿಲ್ಲಿಸುತ್ತಾನೆ? ಆ ಪಟ್ಟಿಯನ್ನು ವರದಿಗೆ ಲಗತ್ತಿಸಿದರು. ನನ್ನ ತಪ್ಪೇ ಎಲ್ಲರ ನಿರಪರಾಧಿತ್ವಕ್ಕೆ ಸಾಕ್ಷಿಯಾಯಿತು. ನನ್ನದಕ್ಕೂ. ನಾನು ಎದ್ದು ನಿಂತು ಅದು ತಪ್ಪು ಎಂದು ಹೇಳಬಹುದಿತ್ತು. ಹೇಳಲಿಲ್ಲ.

ಮೇಜರ್ ಒಬ್ಬನೇ ನನ್ನ ಮುಖ ನೋಡದೆ, "ಕುರ್ಚಿ ನನ್ನದಾಗಿತ್ತು" ಎಂದ. ಮರುವರ್ಷ ಊರಿಗೆ ಹೋದ. ಇಷ್ಟು ವರ್ಷ ಅವನನ್ನು ಮೂರ್ಖ ಎಂದೆ, ಈಗಲೂ ಎನ್ನುತ್ತೇನೆ. ಆದರೆ ಅವನ ಕೈ ಅರ್ಧ ಎದ್ದಿತ್ತು. ಇಳಿಸಿದ ಜಾಣ ನಾನು.

ಕೆಲವು ವರ್ಷಗಳ ಮೇಲೆ ರೆಫರಿ ರಿಂಗಿನ ಒಳಗೆ ನಿಲ್ಲುವ ಪದ್ಧತಿ ಬಂತು. ವಿಲಾಯತಿಯಲ್ಲಿ ಹಾಗೆ ಮಾಡುತ್ತಾರಂತೆ ಎಂದರು. ಬಸಲಿಂಗನ ಹೆಸರು ಯಾರೂ ಎತ್ತಲಿಲ್ಲ. ಗೋಡೆಯ ಮೇಲಿನ ನನ್ನ ಪುಟವನ್ನು ಒಂದು ಮಧ್ಯಾಹ್ನ ಕಿತ್ತು ಹಾಕಿದೆ. ಮುಂದಿನ ವಾರ ಹೋದರೆ ಹೊಸ ಪ್ರತಿ ಅಂಟಿಸಿದ್ದರು. ಕಚೇರಿಯಲ್ಲಿ ಇನ್ನೂ ಇನ್ನೂರು ಪ್ರತಿ ಇದ್ದವಂತೆ.

ನಾನು ಕೆಲಸ ಬಿಡಲಿಲ್ಲ. ಆ ಮೇಲೆ ಮುಖ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಅಂಕದಲ್ಲಿ ತಪ್ಪು ಮಾಡಿದೆ, ಯಾರ ಕಾಲು ಎಲ್ಲಿತ್ತೆಂದು ಕೇಳಿದರೆ ತೊದಲಿದೆ. ಆಟಗಾರನ ಕಣ್ಣು ಸ್ವಲ್ಪ ಮಂಕಾದರೂ ಕೈ ಎತ್ತಿ ಆಟ ನಿಲ್ಲಿಸಿ ಎಂದೆ. ಪ್ರೇಕ್ಷಕರು ಬೈದರು, ಆಟಗಾರರು ಬೈದರು. ಟವೆಲ್ ಮಾಸ್ತರ ಎಂದು ಹೆಸರಿಟ್ಟರು. ನೋಟುಪುಸ್ತಕದ ಆ ಮೂವರೂ ನನ್ನನ್ನು ಅದೇ ಹೆಸರಿನಿಂದ ಕೇಳಿಕೊಂಡು ಮನೆ ಹುಡುಕಿದ್ದರಂತೆ. ಕೆಳಗಿನ ಅಂಗಡಿಯವನು ನಗುತ್ತ ಹೇಳಿದ.

ಬಸಲಿಂಗ ಬದುಕಿದ್ದಾನೆ. ಶೆಡ್ಡಿನ ಹಿಂದಿನ ಚಾಳಿನ ಸಾಲುಮನೆಗಳಲ್ಲಿ ಅವನ ಮನೆ. ಗಂಗವ್ವ ನಾಲ್ಕು ಮನೆಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ನಾನು ರವಿವಾರ ಹೋಗುತ್ತೇನೆ. ಅವನು ಮಂಚದ ಅಂಚಿನಲ್ಲಿ ಕೂತಿರುತ್ತಾನೆ, ಪಾದ ನೆಲಕ್ಕೆ ಸಪಾಟಾಗಿ. ನನ್ನ ಗುರುತು ಕೆಲವು ಸಲ ಹತ್ತುತ್ತದೆ. ಕೂತಲ್ಲೇ ಎಡಕ್ಕೆ ವಾಲುತ್ತಾನೆ, ಒಂದು ಗೇಣು, ಮತ್ತೆ ನೆಟ್ಟಗಾಗುತ್ತಾನೆ, ಮತ್ತೆ ಎಡಕ್ಕೆ. ಎದುರಿಗೆ ಯಾರೂ ಇಲ್ಲ, ಯಾವ ಗುದ್ದೂ ಬರುತ್ತಿಲ್ಲ. ನಾನು ಐದು ಅಂಕ ಕೊಟ್ಟದ್ದು ಇದಕ್ಕೆ.

ಗಂಗವ್ವ ನನಗೆ ಎಂದೂ ಒಂದು ಕಟು ಮಾತು ಆಡಿಲ್ಲ. ಹೋದ ರವಿವಾರ, ಎಷ್ಟೋ ವರ್ಷಗಳ ಮೇಲೆ, ಚಹಾದ ಬಟ್ಟಲು ಮುಂದಿಟ್ಟು ಕೇಳಿದಳು:

"ಮಾಸ್ತರ, ಅವತ್ತ ಪೂರಾ ಹೊತ್ತ ನೀವು ನೋಡಾಕತ್ತಿದ್ರಿ, ಹೌದಿಲ್ರಿ?"

"ಹೌದವಾ."

"ಕಡೀಕ ಇವ್ರ ಮಾರಿ ಹೆಂಗಿತ್ರಿ? ಅಂಜಿದ್ರೇನು? ಯಾರನ್ನರ ಹುಡುಕಾಕತ್ತಿದ್ರೇನು?"

 ಕಾಲು ಹೇಗಿತ್ತು ಎಂದು ಕೇಳಿದ್ದರೆ ಇಂಚು ಇಂಚು ಹೇಳುತ್ತಿದ್ದೆ.